‘ಪ್ರಾಕ್ಟೀಸ್’ ಪದವನ್ನು ಕನ್ನಡಕ್ಕೆ ತರುವುದು ಹೇಗೆ

ಮೊದಲು ಈ ವಾಕ್ಯ ಓದಿ: “ಕಮಿಷನ್ ಕೊಡುವ ಪ್ರಾಕ್ಟೀಸ್ ತಪ್ಪೆಂದು ಗೊತ್ತಿದ್ದರೂ ಪ್ರಾಕ್ಟೀಸಿನಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆಂದು ಬೇಸತ್ತ ಆ ವೈದ್ಯೆ ತಮ್ಮ ಪ್ರಾಕ್ಟೀಸ್ ಬಿಟ್ಟು ಸಂಗೀತದ ಪ್ರಾಕ್ಟೀಸಿಗೆ ಕೂತರು.”

ಒಂದೇ ಪದ ನಾಲ್ಕು ಸಲ ಬಂದಿದೆ, ನಾಲ್ಕೂ ಸಲ ಅರ್ಥ ಬೇರೆ. ನಿಘಂಟು ತೆರೆದು ಮೊದಲು ಕಣ್ಣಿಗೆ ಬಿದ್ದ ‘ಅಭ್ಯಾಸ’ವನ್ನೇ ನಾಲ್ಕೂ ಕಡೆ ಕೂರಿಸಿದರೆ ವಾಕ್ಯ ನಿಲ್ಲುವುದಿಲ್ಲ. ಬರೆಯಬೇಕಾದದ್ದು ಹೀಗೆ: “ಕಮಿಷನ್ ಕೊಡುವ ಪರಿಪಾಠ ತಪ್ಪೆಂದು ಗೊತ್ತಿದ್ದರೂ ನಿಜದಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆಂದು ಬೇಸತ್ತ ಆ ವೈದ್ಯೆ ವೃತ್ತಿ ಬಿಟ್ಟು ಸಂಗೀತದ ಸಾಧನೆಗೆ ಕೂತರು.” ಪರಿಪಾಠ, ನಿಜ, ವೃತ್ತಿ, ಸಾಧನೆ. ಇಂಗ್ಲಿಷ್ ಒಂದೇ ಪದದಿಂದ ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ನಾಲ್ಕು ಪದ ಬೇಕಾಯಿತು. ಇದು ಕನ್ನಡದ ಬಡತನವಲ್ಲ, ಸಿರಿತನ. ಆದರೆ ಆ ಸಿರಿ ಕೈಗೆ ಸಿಗಬೇಕಾದರೆ ಯಾವ ಪದ ಎಲ್ಲಿಗೆ ಎಂದು ತಿಳಿದಿರಬೇಕು. ಸುತ್ತೋಲೆ, ಸುದ್ದಿ, ಆರೋಗ್ಯದ ಕರಪತ್ರ, ಪಠ್ಯ, ಸಬ್‌ಟೈಟಲ್, ಯಾವುದನ್ನೇ ಕನ್ನಡಕ್ಕೆ ತರುತ್ತಿದ್ದರೂ ಮುಂದೆ ಹೇಳಿರುವ ಕ್ರಮ ಉಪಯೋಗಕ್ಕೆ ಬರುತ್ತದೆ.

ಅಭ್ಯಾಸ ಎಲ್ಲಿ ಕೈಕೊಡುತ್ತದೆ

‘ಅಭ್ಯಾಸ’ದ ತಿರುಳೇ ಮರುಕಳಿಕೆ. ಪಾಣಿನಿಯ ವ್ಯಾಕರಣದಲ್ಲಿ ಧಾತು ಇಮ್ಮಡಿಯಾದಾಗ ಅದರ ಮೊದಲ ಭಾಗಕ್ಕೆ ‘ಅಭ್ಯಾಸ’ ಎಂದೇ ಹೆಸರು. ಹಾಗಾಗಿ ಒಂದು ಕೆಲಸವನ್ನು ಕೈಗೆ ಹತ್ತುವವರೆಗೆ ಮತ್ತೆ ಮತ್ತೆ ಮಾಡುವುದಕ್ಕೆ ಈ ಪದ ಚೆನ್ನಾಗಿ ಒಪ್ಪುತ್ತದೆ. ತೊಂದರೆ ಬೇರೆಡೆ ಇದೆ. ಕನ್ನಡದಲ್ಲಿ ಅಭ್ಯಾಸಕ್ಕೆ ಇನ್ನೂ ಎರಡು ಗಟ್ಟಿ ಅರ್ಥಗಳಿವೆ. ಒಂದು, ಓದು. ವಿದ್ಯಾಭ್ಯಾಸ ಎನ್ನುವುದು ಎಲ್ಲ ಕಡೆ ಇದೆ. ಧಾರವಾಡದ ಕಡೆ ಮನೆಮಾತಿನಲ್ಲೂ “ಹುಡುಗ ಅಭ್ಯಾಸ ಮಾಡಾಕತ್ತಾನ” ಎಂದರೆ ಪುಸ್ತಕ ಹಿಡಿದು ಕೂತಿದ್ದಾನೆ ಎಂದರ್ಥ. ಇನ್ನೊಂದು, ಚಟಕ್ಕೆ ಹತ್ತಿರವಾದ ಅರ್ಥ: ಬೆಳಿಗ್ಗೆ ಎದ್ದೊಡನೆ ಕಾಫಿ ಕುಡಿಯುವ ಅಭ್ಯಾಸ, ಉಗುರು ಕಚ್ಚುವ ಅಭ್ಯಾಸ.

ಇವೆರಡೂ ಓದುಗನ ತಲೆಯಲ್ಲಿ ಮೊದಲೇ ಕೂತಿವೆ. “ಅವರು 20 ವರ್ಷಗಳಿಂದ ಕಾನೂನು ಅಭ್ಯಾಸ ಮಾಡುತ್ತಿದ್ದಾರೆ” ಎಂದು ಬರೆದರೆ 20 ವರ್ಷವಾದರೂ ಪರೀಕ್ಷೆ ಪಾಸಾಗದೆ ಓದುತ್ತಲೇ ಇರುವ ವಿದ್ಯಾರ್ಥಿ ಕಣ್ಣಮುಂದೆ ಬರುತ್ತಾನೆ. ‘ವೈದ್ಯಕೀಯ ಅಭ್ಯಾಸ’ ಎಂದರೆ ಎಂಬಿಬಿಎಸ್ ಓದು. ಇಂಥವು ಹೆಚ್ಚಾಗಿ ಯಂತ್ರಾನುವಾದದಿಂದ ನುಸುಳುತ್ತವೆ. ಅವಸರದಲ್ಲಿ ಮನುಷ್ಯರೂ ಇದೇ ತಪ್ಪು ಮಾಡುತ್ತಾರೆ.

ಪದ ಆರಿಸುವ ಮುನ್ನ ಮಾಡಬೇಕಾದ್ದು

ಮೊದಲು ಇಂಗ್ಲಿಷ್ ವಾಕ್ಯದಲ್ಲಿ ಪದ ನಾಮಪದವೋ ಕ್ರಿಯಾಪದವೋ ನೋಡಿ. ಬ್ರಿಟಿಷ್ ಕಾಗುಣಿತದಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಕೊನೆಯ ‘ಇ’ ಅಕ್ಷರಕ್ಕೆ ಮುಂಚೆ ‘ಸಿ’ ಇದ್ದರೆ ನಾಮಪದ, ‘ಎಸ್’ ಇದ್ದರೆ ಕ್ರಿಯಾಪದ. ಭಾರತದ ಕಾನೂನು, ಆಡಳಿತದ ಇಂಗ್ಲಿಷ್ ಇದನ್ನೇ ಅನುಸರಿಸುತ್ತದೆ. ಅಮೆರಿಕದವರು ಎರಡಕ್ಕೂ ‘ಸಿ’ ಬರೆಯುತ್ತಾರೆ, ಆದ್ದರಿಂದ ಅಲ್ಲಿನ ಬರಹದಲ್ಲಿ ಈ ಗುರುತನ್ನು ನಂಬಬೇಡಿ. ಉಚ್ಚಾರದಲ್ಲಂತೂ ಎರಡಕ್ಕೂ ವ್ಯತ್ಯಾಸವಿಲ್ಲ.

ಆಮೇಲೆ ಪದದ ಹಿಂದೆ ಏನಿದೆ ನೋಡಿ. ಇಂಗ್ಲಿಷಿನ ‘ದ’ ಎಂಬ ಆರ್ಟಿಕಲ್ ಇದ್ದು, ಪದ ಒಂದು ಜಾಗವನ್ನೋ ಕಚೇರಿಯನ್ನೋ ಸೂಚಿಸುತ್ತಿದ್ದರೆ ಅರ್ಥ ಕ್ಲಿನಿಕ್ ಅಥವಾ ವಕೀಲರ ಕಚೇರಿ. ಬಹುವಚನದಲ್ಲಿದ್ದರೆ ಸಾಮಾನ್ಯವಾಗಿ ಪದ್ಧತಿ ಅಥವಾ ಕ್ರಮ. ಏನೂ ಇಲ್ಲದೆ ಏಕವಚನದಲ್ಲಿದ್ದರೆ ಬಹುಪಾಲು ತರಬೇತಿಯ ಅರ್ಥ. ‘ಇನ್ ಪ್ರಾಕ್ಟೀಸ್’ ಎಂದಿದ್ದರೆ ‘ವಾಸ್ತವದಲ್ಲಿ’ ಎಂಬುದು ಮೊದಲ ಊಹೆಯಾಗಿರಲಿ. ಒಂದು ಎಚ್ಚರಿಕೆ: ಅಮೆರಿಕದ ಕ್ರೀಡಾ ಬರಹದಲ್ಲಿ ಒಂದು ದಿನದ ತರಬೇತಿ ಅವಧಿಯನ್ನೂ ‘ಎ ಪ್ರಾಕ್ಟೀಸ್’ ಎನ್ನುತ್ತಾರೆ. ಅಲ್ಲಿ ಬಹುವಚನ ಕಂಡ ಕೂಡಲೇ ‘ಪದ್ಧತಿಗಳು’ ಎಂದು ಬರೆಯಬಾರದು.

ಮೂರನೆಯದಾಗಿ ಕೇಳಿಕೊಳ್ಳಿ: ಇದನ್ನು ಯಾರು, ಯಾತಕ್ಕಾಗಿ ಮತ್ತೆ ಮತ್ತೆ ಮಾಡುತ್ತಾರೆ? ಕಲಿಯಲಿಕ್ಕೋ, ಹೊಟ್ಟೆಪಾಡಿಗೋ, ಹಿಂದಿನಿಂದ ಬಂದದ್ದೆಂದೋ, ನಂಬಿಕೆಯಿಂದಲೋ? ಉತ್ತರ ಸಿಕ್ಕರೆ ಪದ ತಾನಾಗಿ ಬರುತ್ತದೆ.

ಕೊನೆಯ ಹೆಜ್ಜೆಯನ್ನು ಎಲ್ಲರೂ ಮರೆಯುತ್ತಾರೆ, ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಈ ಪದಕ್ಕೆ ಕನ್ನಡದಲ್ಲಿ ನಾಮಪದವೇ ಬೇಕೇ ಎಂದು ನೋಡಿ. ಹತ್ತರಲ್ಲಿ ಐದಾರು ಕಡೆ ಬೇಕಾಗಿಯೇ ಇರುವುದಿಲ್ಲ. ಒಂದು ಕ್ರಿಯಾಪದ ಸಾಕು, ಎಷ್ಟೋ ಸಲ ಬರಿಯ ‘ಮಾಡು’ ಸಾಕು. ಎರಡು ಎಕರೆಯಲ್ಲಿ ಸಾವಯವ ಕೃಷಿಯನ್ನು ‘ಪ್ರಾಕ್ಟೀಸ್’ ಮಾಡುವ ರೈತ ಎಂದರೆ ಸಾವಯವ ಬೇಸಾಯ ಮಾಡುವ ರೈತ, ಅಷ್ಟೇ. ಯೋಗ ಮಾಡುತ್ತಾರೆ, ಮಾಟ ಮಾಡುತ್ತಾರೆ, ಜಾತಿಭೇದ ಮಾಡುತ್ತಾರೆ, ತಾಳ್ಮೆ ತಂದುಕೊಳ್ಳುತ್ತಾರೆ, ಮಿತವ್ಯಯ ಪಾಲಿಸುತ್ತಾರೆ. 2020ರಲ್ಲಿ ಕೊರೊನಾ ಬಂದಾಗ ಇಂಗ್ಲಿಷಿನಲ್ಲಿ ಅಂತರವನ್ನು ‘ಪ್ರಾಕ್ಟೀಸ್’ ಮಾಡಿ ಎಂದರು. ಕನ್ನಡದಲ್ಲಿ ಗೋಡೆಗೋಡೆಯ ಮೇಲೂ ನಿಂತದ್ದು ‘ಅಂತರ ಕಾಯ್ದುಕೊಳ್ಳಿ’ ಎಂಬ ಮಾತು. ಯಾರೋ ಕ್ರಿಯಾಪದ ಹುಡುಕಿದರು, ಅದು ನಿಂತಿತು.

ಆರೋಗ್ಯದ ಕರಪತ್ರಗಳಲ್ಲಿ ಇದು ಇನ್ನೂ ಮುಖ್ಯ. ‘ಉತ್ತಮ ಕೈ ನೈರ್ಮಲ್ಯ ಅಭ್ಯಾಸಗಳನ್ನು ಅನುಷ್ಠಾನಗೊಳಿಸಿ’ ಎಂದು ಬರೆದರೆ ಓದಿದ ತಾಯಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ‘ಊಟಕ್ಕೆ ಮೊದಲು, ಶೌಚಕ್ಕೆ ಹೋಗಿಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ’ ಎಂದರೆ ತಿಳಿಯುತ್ತದೆ. ಇಂಗ್ಲಿಷಿನ ಅಮೂರ್ತ ನಾಮಪದ ಏನನ್ನು ಮುಚ್ಚಿಟ್ಟಿದೆಯೋ ಅದನ್ನು ಬಿಚ್ಚಿ ಹೇಳುವುದೇ ಅನುವಾದ.

ಕಲಿಯುವುದಕ್ಕಾಗಿ ಮಾಡುವುದು

ಈ ಅರ್ಥದಲ್ಲಿ ಕನ್ನಡದ ಭಂಡಾರ ದೊಡ್ಡದು, ಕ್ಷೇತ್ರಕ್ಕೊಂದು ಪದವಿದೆ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಅರ್ಥ ಕೆಡದಿರಬಹುದು, ಆದರೆ ಬರೆದವರಿಗೆ ಆ ಲೋಕದ ಪರಿಚಯವಿಲ್ಲ ಎಂದು ಓದುಗನಿಗೆ ತಿಳಿದುಬಿಡುತ್ತದೆ.

ಕರ್ನಾಟಕ ಸಂಗೀತದವರು ಸಾಧನೆ ಅಥವಾ ಸಾಧಕ ಮಾಡುತ್ತಾರೆ. ಧಾರವಾಡ ಸೀಮೆಯ ಹಿಂದುಸ್ತಾನಿ ಗಾಯಕರು ರಿಯಾಜ್ ಮಾಡುತ್ತಾರೆ. ಧಾರವಾಡದ ಗಾಯಕರ ಬಗ್ಗೆ ಬರೆಯುವಾಗ ‘ಅಭ್ಯಾಸ’ ಎಂದು ಹಾಕಿದರೆ ತಪ್ಪಲ್ಲ, ಆದರೆ ತಂಬೂರಿಯ ನಾದ ಕೇಳಿಸುವುದಿಲ್ಲ. ‘ಸಾಧನೆ’ಯ ಬಗ್ಗೆ ಒಂದು ಮಾತು. ಪತ್ರಿಕೆಗಳಲ್ಲಿ ಇದಕ್ಕೆ ಈಗ ‘ದೊಡ್ಡ ಗಳಿಕೆ’ ಎಂಬ ಅರ್ಥ ಅಂಟಿದೆ: ಸಾಧನೆಗೈದ ವಿದ್ಯಾರ್ಥಿಗಳಿಗೆ ಸನ್ಮಾನ ಎನ್ನುತ್ತೇವಲ್ಲ, ಆ ಅರ್ಥ. ಆದ್ದರಿಂದ ‘ಅವಳ ಸಂಗೀತ ಸಾಧನೆ’ ಎಂದಷ್ಟೇ ಬರೆದರೆ ಪ್ರಶಸ್ತಿಗಳ ಪಟ್ಟಿ ನೆನಪಾಗುತ್ತದೆ. ‘ದಿನಾ ಎರಡು ಗಂಟೆ ಸಾಧನೆ ಮಾಡುತ್ತಾಳೆ’ ಎಂದು ಹೊತ್ತು ಸೇರಿಸಿದರೆ ಗೊಂದಲ ಹೋಗುತ್ತದೆ.

ಗರಡಿಮನೆಯಲ್ಲಿ ಸಾಮು. ನಾಟಕಕ್ಕೆ ತಾಲೀಮು, ಇಲ್ಲವೇ ಎಲ್ಲರ ಬಾಯಲ್ಲಿರುವ ರಿಹರ್ಸಲ್. ಮೈಸೂರು ದಸರಾ ಬಂತೆಂದರೆ ಆನೆಗಳಿಗೆ ಮರಳುಮೂಟೆ, ಆಮೇಲೆ ಮರದ ಅಂಬಾರಿ ಹೊರಿಸಿ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸುತ್ತಾರೆ. ಮೆರವಣಿಗೆಯ ದಿನ 750 ಕೆ.ಜಿ. ತೂಕದ ಅಂಬಾರಿ ಹೊರಬೇಕಲ್ಲ, ಅದಕ್ಕೆ. ಇದನ್ನು ಕನ್ನಡ ಪತ್ರಿಕೆಗಳು ತಾಲೀಮು ಎಂದೇ ಬರೆಯುತ್ತವೆ, ಅದೇ ಸರಿ. ಮುಂದೆ ಬರಲಿರುವ ಒಂದು ನಿಜವಾದ ಪ್ರದರ್ಶನಕ್ಕೆ ಮುಂಚಿತವಾಗಿ ಮಾಡುವುದು ತಾಲೀಮು. ಪ್ರದರ್ಶನ ಇರಲಿ ಬಿಡಲಿ, ವಿದ್ಯೆ ಕೈಯಲ್ಲಿ ಉಳಿಯಲೆಂದು ದಿನಾ ಮಾಡುವುದು ಸಾಧನೆ. ಈ ಒಂದು ಗೆರೆ ನೆನಪಿಟ್ಟರೆ ಎಷ್ಟೋ ಕಡೆ ಪದ ತಪ್ಪುವುದಿಲ್ಲ. ತುಳುನಾಡಿನಲ್ಲಿ ಕಂಬಳಕ್ಕೆ ಮೊದಲು ಕೋಣಗಳನ್ನು ಓಡಿಸಿ ನೋಡುವುದಕ್ಕೆ ಕುದಿ ಕಂಬಳ ಎಂಬ ಹೆಸರೇ ಇದೆ.

ಪೊಲೀಸರದು, ಎನ್‌ಸಿಸಿಯವರದು ಕವಾಯತು. ಬೆಂಕಿ ಬಿದ್ದರೆ, ನೆರೆ ಬಂದರೆ ಏನು ಮಾಡಬೇಕೆಂದು ಮಾಡಿ ತೋರಿಸುವುದು ಅಣಕು ಕಾರ್ಯಾಚರಣೆ. ಕ್ರಿಕೆಟ್ಟಿನಲ್ಲಿ ನೆಟ್ಸ್, ಅಭ್ಯಾಸ ಪಂದ್ಯ; ಇಲ್ಲಿ ಅಭ್ಯಾಸ ಚೆನ್ನಾಗಿ ನೆಲೆ ನಿಂತಿದೆ, ಬದಲಿಸುವ ಅಗತ್ಯವಿಲ್ಲ. ಬಿ.ಇಡಿ. ವಿದ್ಯಾರ್ಥಿಗಳು ಶಾಲೆಗೆ ಹೋಗಿ ಪಾಠ ಮಾಡುವುದು ಬೋಧನಾಭ್ಯಾಸ. ಮೈಸೂರಿಗೆ ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶೀಯರು ‘ಮೈ ಪ್ರಾಕ್ಟೀಸ್’ ಎನ್ನುವುದು ಯೋಗಾಭ್ಯಾಸವನ್ನು.

ಮಕ್ಕಳ ಬರಹಕ್ಕೆ ‘ತಿದ್ದು’ ಎಂಬ ಸೊಗಸಾದ ಕ್ರಿಯಾಪದ ಇದೆ. ಸ್ಲೇಟಿನ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಬಳಪ ಆಡಿಸುವುದು ತಿದ್ದುವುದು. ಕೈಬರಹಕ್ಕೆ ಸಂಬಂಧಿಸಿದ ಪಠ್ಯದಲ್ಲಿ ‘ಅಕ್ಷರಗಳನ್ನು ಅಭ್ಯಾಸಿಸಿ’ ಎನ್ನುವ ಬದಲು ‘ಅಕ್ಷರ ತಿದ್ದಿ’ ಎಂದು ಬರೆಯಬಹುದು. ಮಗ್ಗಿಯನ್ನು ಒಪ್ಪಿಸುತ್ತಾರೆ, ಪದ್ಯವನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಗೆ ಮುಂಚೆ ಪುನರಾವರ್ತನೆ ಮಾಡುತ್ತಾರೆ. ಅರ್ಥವಾಗದೆ ಮಾಡಿದರೆ ಅದು ಉರು ಹೊಡೆಯುವುದು.

ಕಲಿತು ಮುಗಿದ ಮೇಲಿನ ಸ್ಥಿತಿಗೆ ‘ಪಳಗು’ ಇದೆ. ಕೈ ಪಳಗಿದೆ, ಪಳಗಿದ ಕಣ್ಣು, ಪಳಗಿದ ಮೋಸಗಾರ. ‘ಪ್ರಾಕ್ಟೀಸ್ಡ್’ ಎಂಬ ವಿಶೇಷಣಕ್ಕೆ ಇದಕ್ಕಿಂತ ಒಳ್ಳೆಯ ಪದ ಬೇಕಿಲ್ಲ. ‘ಔಟ್ ಆಫ್ ಪ್ರಾಕ್ಟೀಸ್’ ಎಂದರೆ ರೂಢಿ ತಪ್ಪಿದೆ, ಕೈ ತಪ್ಪಿದೆ. ಪ್ರಾಕ್ಟೀಸಿನಿಂದ ಪರಿಪೂರ್ಣತೆ ಬರುತ್ತದೆ ಎನ್ನುವ ಇಂಗ್ಲಿಷ್ ಗಾದೆಯನ್ನು ಪದಶಃ ತರುವುದಕ್ಕಿಂತ ನಮ್ಮ ‘ಹಾಡುತ್ತಾ ಹಾಡುತ್ತಾ ರಾಗ’ ಹಾಕಿ. ಅದರ ಉತ್ತರಾರ್ಧ ‘ನರಳುತ್ತಾ ನರಳುತ್ತಾ ರೋಗ’. ಸಂದರ್ಭ ಹಗುರವಲ್ಲದಿದ್ದರೆ ಅದನ್ನು ಬಿಡಿ.

ಹೊಟ್ಟೆಪಾಡಿನ ಪ್ರಾಕ್ಟೀಸ್

ವೈದ್ಯರು, ವಕೀಲರು, ಲೆಕ್ಕಪರಿಶೋಧಕರು, ವಾಸ್ತುಶಿಲ್ಪಿಗಳು ತಮ್ಮ ವಿದ್ಯೆಯಿಂದ ಬದುಕು ನಡೆಸುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಮಾತಿನ ಕನ್ನಡ ಇದನ್ನು ಹಾಗೆಯೇ ತೆಗೆದುಕೊಂಡಿದೆ: “ಹುಬ್ಬಳ್ಳಿಯಲ್ಲಿ ಪ್ರಾಕ್ಟೀಸ್ ಮಾಡ್ತಾರೆ”, “ಅವರಿಗೆ ಒಳ್ಳೇ ಪ್ರಾಕ್ಟೀಸ್ ಇದೆ”. ಕಥೆಯ ಸಂಭಾಷಣೆಯಲ್ಲಿ, ಸಬ್‌ಟೈಟಲ್‌ನಲ್ಲಿ ಇದನ್ನು ಬದಲಿಸಬೇಡಿ. ಜನ ಹೀಗೆಯೇ ಮಾತಾಡುತ್ತಾರೆ.

ಬರಹದಲ್ಲಿ ಬೇಕಾದರೆ ಕನ್ನಡಕ್ಕೆ ‘ಇಕೆ’ ಎಂಬ ಪ್ರತ್ಯಯದ ಬಲವಿದೆ. ಗೌಡನದು ಗೌಡಿಕೆ, ಶಾನುಭೋಗರದು ಶಾನುಭೋಗಿಕೆ ಆದ ಹಾಗೆಯೇ ವಕೀಲಿಕೆ, ಲಾಯರಿಕೆ, ಡಾಕ್ಟರಿಕೆ ಹುಟ್ಟಿವೆ. ಲಲಿತ ಬರಹಕ್ಕೆ ಇವು ಚೆನ್ನ. ಕಾನೂನಿನ, ಆಡಳಿತದ ಬರಹಕ್ಕೆ ‘ವಕೀಲಿ ವೃತ್ತಿ’, ‘ವೈದ್ಯ ವೃತ್ತಿ’ ಸುರಕ್ಷಿತ. 1961ರ ವಕೀಲರ ಅಧಿನಿಯಮ ಮಾತಾಡುವುದು ವೃತ್ತಿ ನಡೆಸುವ ಹಕ್ಕಿನ ಬಗ್ಗೆ. ವಕಾಲತ್ತು ಇದಲ್ಲ. ಒಬ್ಬ ಕಕ್ಷಿದಾರನ ಪರವಾಗಿ ಒಂದು ಮೊಕದ್ದಮೆಯಲ್ಲಿ ನಿಲ್ಲುವುದು ವಕಾಲತ್ತು ವಹಿಸುವುದು. ಇವೆರಡನ್ನು ಕಲಸಿದರೆ ಕೋರ್ಟಿನ ಬಲ್ಲವರು ನಗುತ್ತಾರೆ.

ಹೊಸದಾಗಿ ವೃತ್ತಿ ಶುರು ಮಾಡಿದರು ಎಂಬುದಕ್ಕೆ ‘ಬೋರ್ಡು ಹಾಕಿದರು’ ಎಂಬ ಮಾತಿದೆ. ಪ್ರಾಕ್ಟೀಸ್ ದೊಡ್ಡದು ಎಂದರೆ ರೋಗಿಗಳು ಬಹಳ ಬರುತ್ತಾರೆ, ಕಕ್ಷಿದಾರರು ಬಹಳ ಇದ್ದಾರೆ ಎಂದರ್ಥ. ಹಾಗೆಯೇ ಬಿಡಿಸಿ ಬರೆಯಿರಿ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ‘ಜಿಪಿ ಪ್ರಾಕ್ಟೀಸಿನಲ್ಲಿ ಹೆಸರು ನೋಂದಾಯಿಸಿ’ ಎಂಬ ಸೂಚನೆ ಬರುತ್ತದೆ. ಅಲ್ಲಿ ಅದು ಒಂದು ಜಾಗ, ಆ ಬಡಾವಣೆಯ ಜನರನ್ನು ನೋಡಿಕೊಳ್ಳುವ ವೈದ್ಯರ ಕ್ಲಿನಿಕ್. ಅದನ್ನು ವೃತ್ತಿ ಎಂದರೆ ತಪ್ಪು, ಅಭ್ಯಾಸ ಎಂದರೆ ಇನ್ನೂ ತಪ್ಪು.

ಇಲ್ಲಿ ಎರಡು ಗುಂಡಿಗಳಿವೆ. ಸರ್ಕಾರಿ ವೈದ್ಯರ ಸಂಬಳದಲ್ಲಿ ಬರುವ ‘ನಾನ್ ಪ್ರಾಕ್ಟೀಸಿಂಗ್ ಅಲೋಯೆನ್ಸ್’ ಅನ್ನು ‘ವೃತ್ತಿ ಮಾಡದ ಭತ್ಯೆ’ ಎಂದರೆ ಕೆಲಸ ಮಾಡದವರಿಗೆ ಕೊಡುವ ಹಣದಂತೆ ಕೇಳಿಸುತ್ತದೆ. ಅದು ಖಾಸಗಿಯಾಗಿ ರೋಗಿಗಳನ್ನು ನೋಡಬಾರದೆಂಬ ನಿಯಮಕ್ಕೆ ಬದಲಾಗಿ ಕೊಡುವ ಭತ್ಯೆ. ‘ಖಾಸಗಿ’ ಎಂಬ ಪದ ಸೇರಲೇಬೇಕು. ಇನ್ನೊಂದು ಆರ್‌ಎಂಪಿ, ಅಂದರೆ ‘ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟಿಷನರ್’. ಕಾಗದದಲ್ಲಿ ಅದು ನೋಂದಾಯಿತ ವೈದ್ಯ. ಹಳ್ಳಿಯ ಮಾತಿನಲ್ಲಿ ‘ಆರ್‌ಎಂಪಿ ಡಾಕ್ಟರು’ ಎಂದರೆ ಪದವಿ ಇಲ್ಲದೆ ಇಂಜೆಕ್ಷನ್ ಕೊಡುವವನು. ಔಷಧಿ ಪೊಟ್ಟಣದ ಮೇಲಿನ ಎಚ್ಚರಿಕೆಯನ್ನು ಅನುವಾದಿಸುವಾಗ ‘ಆರ್‌ಎಂಪಿ’ ಎಂದು ಬಿಟ್ಟರೆ ಉದ್ದೇಶ ತಲೆಕೆಳಗಾಗುತ್ತದೆ. ‘ನೋಂದಾಯಿತ ವೈದ್ಯರ ಚೀಟಿ ಇದ್ದರೆ ಮಾತ್ರ’ ಎಂದು ಪೂರ್ತಿ ಬರೆಯಿರಿ.

ಪದ್ಧತಿ, ವಾಡಿಕೆ, ರೂಢಿ, ಪರಿಪಾಠ

ಹಿಂದಿನಿಂದ ನಡೆದುಬಂದದ್ದು ಎಂಬ ಅರ್ಥದಲ್ಲಿ ಈ ನಾಲ್ಕೂ ಹತ್ತಿರದ ನೆಂಟರು, ಆದರೂ ಒಬ್ಬರಂತೆ ಇನ್ನೊಬ್ಬರಿಲ್ಲ. ಪದ್ಧತಿಗೆ ಒಂದು ಚೌಕಟ್ಟು ಇರುತ್ತದೆ: ಜೀತ ಪದ್ಧತಿ, ದೇವದಾಸಿ ಪದ್ಧತಿ. ವಾಡಿಕೆ ಎಂದರೆ ಸಾಮಾನ್ಯವಾಗಿ ನಡೆಯುವುದು, ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಹವಾಮಾನದವರ ‘ವಾಡಿಕೆ ಮಳೆ’ ನೆನಪಿಸಿಕೊಂಡರೆ ಸಾಕು. ರೂಢಿ ಜನರ ಬಾಯಲ್ಲಿ, ಕೈಯಲ್ಲಿ ನೆಲೆಸಿದ್ದು. ಪರಿಪಾಠದಲ್ಲಿ ಕೊಂಚ ಆಕ್ಷೇಪದ ಧ್ವನಿ ಇದೆ: ‘ಕಡತಕ್ಕೆ ದುಡ್ಡು ಕೇಳುವ ಪರಿಪಾಠ ಬೆಳೆದಿದೆ’. ಹಾಗಾಗಿ ‘ಕಾಮನ್ ಪ್ರಾಕ್ಟೀಸ್’ ಎಂದಾಗ ಬರೆದವರ ನಿಲುವು ತಟಸ್ಥವಾಗಿದ್ದರೆ ವಾಡಿಕೆ, ಬೇಸರವಿದ್ದರೆ ಪರಿಪಾಠ. ‘ಮಾಮೂಲು’ ಬಳಸುವಾಗ ಜೋಪಾನ. ಯಾವಾಗಲೂ ನಡೆಯುವಂಥದು ಎಂಬ ಅರ್ಥ ಅದಕ್ಕಿದ್ದರೂ, ಕಚೇರಿ ಎಂಬ ಮಾತು ಪಕ್ಕದಲ್ಲಿದ್ದರೆ ಓದುಗನಿಗೆ ಲಂಚವೇ ನೆನಪಾಗುತ್ತದೆ.

ಈಗ ಎಲ್ಲ ಕಡೆ ಕಾಣುವ ‘ಬೆಸ್ಟ್ ಪ್ರಾಕ್ಟೀಸಸ್’. ‘ಅತ್ಯುತ್ತಮ ಅಭ್ಯಾಸಗಳು’ ಎಂದರೆ ಬೇಗ ಏಳುವುದು, ಹಲ್ಲುಜ್ಜುವುದು ಎಂಬಂತಾಗುತ್ತದೆ. ‘ಉತ್ತಮ ಆಚರಣೆಗಳು’ ಎಂದರೆ ಹಬ್ಬ, ಜಯಂತಿ ಕಣ್ಣಿಗೆ ಕಟ್ಟುತ್ತವೆ, ಏಕೆಂದರೆ ಆಚರಣೆಗೆ ಉತ್ಸವದ ಅರ್ಥ ಬಲವಾಗಿ ಅಂಟಿದೆ. ಇತರರೂ ಅನುಸರಿಸಲಿ ಎಂಬ ಉದ್ದೇಶವಿದ್ದರೆ ‘ಮಾದರಿ ಕ್ರಮಗಳು’ ಹೊಂದುತ್ತದೆ. ತಂತ್ರಾಂಶ ಬರೆಯುವವರ ಕೈಪಿಡಿಯಲ್ಲಾದರೆ ‘ಪಾಲಿಸಬೇಕಾದ ಕ್ರಮಗಳು’ ಸಾಕು.

‘ಕ್ರಮ’ ಎಂಬ ಈ ಚಿಕ್ಕ ಪದವನ್ನು ಕೃಷಿ ಬರಹಗಾರರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಕೃಷಿ ವಿಶ್ವವಿದ್ಯಾಲಯಗಳ ‘ಪ್ಯಾಕೇಜ್ ಆಫ್ ಪ್ರಾಕ್ಟೀಸಸ್’ ಕನ್ನಡದಲ್ಲಿ ಬೇಸಾಯ ಕ್ರಮಗಳು. ಬಿತ್ತನೆಯ ಕಾಲ, ಬೀಜದ ಪ್ರಮಾಣ, ಸಾಲಿನ ಅಂತರ, ಗೊಬ್ಬರ, ಕಳೆ, ಕೀಟ, ಎಲ್ಲವೂ ಅದರೊಳಗೆ ಬರುತ್ತದೆ. ಇದೇ ಕ್ಷೇತ್ರದಲ್ಲಿ ಅನುವಾದಕರು ಬೀಳುವ ಆಳವಾದ ಗುಂಡಿಯೂ ಇದೆ: ‘ಕಲ್ಚರಲ್ ಪ್ರಾಕ್ಟೀಸಸ್’. ಮಾನವಶಾಸ್ತ್ರದಲ್ಲಿ ಇದು ಸಾಂಸ್ಕೃತಿಕ ಆಚರಣೆಗಳು. ಕೀಟ ಹತೋಟಿಯ ಅಧ್ಯಾಯದಲ್ಲಿ ಇದು ಸಾಗುವಳಿ ಕ್ರಮಗಳು: ಮಾಗಿ ಉಳುಮೆ, ಬೆಳೆ ಪರಿವರ್ತನೆ, ಕೂಳೆ ತೆಗೆಯುವುದು, ಬಿತ್ತನೆಯ ಸಮಯ ಬದಲಿಸುವುದು. ‘ಕಾಯಿಕೊರಕವನ್ನು ಸಾಂಸ್ಕೃತಿಕ ಪದ್ಧತಿಗಳಿಂದ ನಿಯಂತ್ರಿಸಬಹುದು’ ಎಂದು ಓದಿದ ರೈತ ಮುಂದಿನ ಸಾಲು ಓದುವುದಿಲ್ಲ.

ಎಂಜಿನಿಯರುಗಳ ‘ಕೋಡ್ ಆಫ್ ಪ್ರಾಕ್ಟೀಸ್’ ಕೂಡ ಇದೇ ಬಳಗದ್ದು. ಕಾಂಕ್ರೀಟಿಗೆ ಸಂಬಂಧಿಸಿದ ಐಎಸ್ 456:2000ರ ಶೀರ್ಷಿಕೆಯಲ್ಲೇ ಆ ಮಾತಿದೆ. ಅಲ್ಲಿ ಹೇಳುವುದು ಕೆಲಸ ಹೇಗೆ ನಡೆಯಬೇಕೆಂಬುದನ್ನು, ಹೇಗೆ ನಡೆದುಬಂದಿದೆ ಎಂಬುದನ್ನಲ್ಲ. ಆದ್ದರಿಂದ ರೂಢಿ, ವಾಡಿಕೆ ಎರಡೂ ಒಪ್ಪುವುದಿಲ್ಲ. ಕಾರ್ಯವಿಧಾನ ಸಂಹಿತೆ ಎನ್ನಬಹುದು.

ಸಂವಿಧಾನದಲ್ಲಿ

ಭಾರತದ ಸಂವಿಧಾನ ಈ ಪದಕ್ಕೆ ಒಳ್ಳೆಯ ಪಾಠಶಾಲೆ. 17ನೇ ವಿಧಿ ಅಸ್ಪೃಶ್ಯತೆಯ ‘ಪ್ರಾಕ್ಟೀಸ್’ ಅನ್ನು ನಿಷೇಧಿಸುತ್ತದೆ. ಇಲ್ಲಿ ನಾಮಪದ, ‘ಸಿ’ ಅಕ್ಷರ, ಕನ್ನಡಕ್ಕೆ ಆಚರಣೆ. ಉತ್ಸವದ ಅರ್ಥ ಇಲ್ಲಿ ಅಡ್ಡ ಬರುವುದಿಲ್ಲ, ‘ಅಸ್ಪೃಶ್ಯತೆ ಆಚರಣೆ’ ಎಂಬ ಮಾತು ಅಷ್ಟು ಬೇರೂರಿದೆ. 19ನೇ ವಿಧಿಯ 1ನೇ ಖಂಡದ ‘ಜಿ’ ಉಪಖಂಡದಲ್ಲಿ ಯಾವುದೇ ವೃತ್ತಿಯನ್ನು ನಡೆಸುವ ಹಕ್ಕು. ಅಲ್ಲಿ ಕ್ರಿಯಾಪದ, ‘ಎಸ್’ ಅಕ್ಷರ. 25ನೇ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಸ್ವಾತಂತ್ರ್ಯ ಕೊಡುತ್ತದೆ, ಮತ್ತೆ ‘ಎಸ್’. 1976ರ 42ನೇ ತಿದ್ದುಪಡಿಯಿಂದ ಬಂದ 51ಎ ವಿಧಿಯಲ್ಲಿ ಮಹಿಳೆಯರ ಘನತೆಗೆ ಕುಂದು ತರುವ ಪದ್ಧತಿಗಳನ್ನು ಬಿಡುವುದು ಮೂಲಭೂತ ಕರ್ತವ್ಯ. ಅದು ಬಹುವಚನದ ನಾಮಪದ. ಒಂದೇ ದಾಖಲೆಯಲ್ಲಿ ಒಂದೇ ಪದ, ಕನ್ನಡದಲ್ಲಿ ಆಚರಣೆ, ನಡೆಸು, ಆಚರಿಸು, ಪದ್ಧತಿ.

‘ಅತ್ಯಗತ್ಯ ಧಾರ್ಮಿಕ ಆಚರಣೆ’ ಎಂಬ ಮಾತನ್ನು ತೀರ್ಪುಗಳ ವರದಿಯಲ್ಲಿ ಆಗಾಗ ಓದುತ್ತೇವೆ. ಧರ್ಮವೊಂದಕ್ಕೆ ಯಾವುದು ಅತ್ಯಗತ್ಯ ಎಂಬ ಈ ವಿಚಾರದ ಬೇರು ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿದೆ. ಇಲ್ಲಿ ‘ಪದ್ಧತಿ’ ಎಂದು ಹಾಕಬಾರದು. ಪದ್ಧತಿ ಸಮಾಜದ್ದೂ ಆಗಬಹುದು. ಕೋರ್ಟು ಕೇಳುತ್ತಿರುವುದು ಧರ್ಮದ ಒಳಗಿನದನ್ನು. ಇನ್ನು ‘ಪ್ರಾಕ್ಟೀಸಿಂಗ್ ಕ್ಯಾಥೋಲಿಕ್’ ಎಂಬಂಥ ಮಾತಿಗೆ ‘ತಪ್ಪದೆ ಚರ್ಚಿಗೆ ಹೋಗುವ’, ‘ಆಚಾರನಿಷ್ಠ’, ಸಂದರ್ಭ ನೋಡಿಕೊಂಡು ಯಾವುದಾದರೂ ಆಗಬಹುದು.

ಕಾನೂನಿನ ಬರಹದಲ್ಲಿ ಒಂದು ಶಿಸ್ತು ಬೇಕು. ಆ ಕಾಯ್ದೆಯ ಅಧಿಕೃತ ಕನ್ನಡ ಪಠ್ಯ ಇದ್ದರೆ ಅದರಲ್ಲಿರುವ ಪದವನ್ನೇ ಬಳಸಬೇಕು, ಅದಕ್ಕಿಂತ ಚೆಂದದ್ದು ಹೊಳೆದರೂ ಸರಿ. 2017ರ ಕರ್ನಾಟಕದ ಕಾಯ್ದೆ ಮಾತಾಡುವುದು ಅಮಾನವೀಯ ದು‍ಷ್ಟ ಪದ್ಧತಿಗಳು ಮತ್ತು ವಾಮಾಚಾರದ ಬಗ್ಗೆ. ಅಲ್ಲಿ ‘ಕೆಟ್ಟ ಆಚರಣೆ’ ಎಂದು ಬದಲಿಸಿದರೆ ಓದುಗನಿಗೆ ಅದು ಬೇರೆ ಕಾಯ್ದೆ ಎನಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಅನ್‌ಫೇರ್ ಟ್ರೇಡ್ ಪ್ರಾಕ್ಟೀಸ್’ ಅನುಚಿತ ವ್ಯಾಪಾರ ಪದ್ಧತಿ.

‘ಮಾಲ್‌ಪ್ರಾಕ್ಟೀಸ್’ ಬಂದಾಗ ಎಲ್ಲಿಯದು ಎಂದು ಕೇಳಿ. ಪರೀಕ್ಷೆಯದಾದರೆ ಅಕ್ರಮ, ಮಾತಿನಲ್ಲಿ ನಕಲು, ಕಾಪಿ ಹೊಡೆಯುವುದು. ಆಸ್ಪತ್ರೆಯದಾದರೆ ಹೆಚ್ಚಿನ ಸಲ ಅದು ವೈದ್ಯಕೀಯ ನಿರ್ಲಕ್ಷ್ಯ. ‘ದುರಾಚಾರ’ ಎಂದು ಬರೆದರೆ ವೈದ್ಯರ ನಡತೆಯ ಮೇಲೆ ಇಲ್ಲದ ಕಳಂಕ ಹೊರಿಸಿದಂತೆ. ಹಣಕಾಸಿನದಾದರೆ ಅವ್ಯವಹಾರ.

ಹೇಳುವುದು ಮತ್ತು ನಡೆಯುವುದು

‘ಇನ್ ಪ್ರಾಕ್ಟೀಸ್’ ಎಂಬುದು ‘ಇನ್ ಥಿಯರಿ’ಯ ಜೋಡಿ. ಕನ್ನಡದಲ್ಲಿ ಇದಕ್ಕೆ ‘ಕಾಗದದ ಮೇಲೆ ಹಾಗಿದೆ, ನಡೆಯುವುದು ಹೀಗೆ’ ಎಂಬ ಬಗೆಯ ವಾಕ್ಯ ಸಹಜ. ಗಂಭೀರ ಬರಹದಲ್ಲಿ ‘ವಾಸ್ತವದಲ್ಲಿ’, ‘ಕಾರ್ಯತಃ’. ‘ಅಭ್ಯಾಸದಲ್ಲಿ’ ಎಂದು ಬರೆಯಲೇಬಾರದು. ‘ಪುಟ್ ಇನ್‌ಟು ಪ್ರಾಕ್ಟೀಸ್’ ಎಂದಾಗ ಮಾಡುವವರು ಸರ್ಕಾರವಾದರೆ ಜಾರಿಗೆ ತರು, ಸಂಸ್ಥೆಯಾದರೆ ಕಾರ್ಯರೂಪಕ್ಕೆ ತರು, ಒಬ್ಬ ವ್ಯಕ್ತಿಯಾದರೆ ಅಳವಡಿಸಿಕೊ. ಉಪದೇಶ ಮಾಡಿದ್ದನ್ನು ತಾನು ಮಾಡದವನಿಗೆ ‘ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ’ ಇದ್ದೇ ಇದೆ. ಮಾಡಿದವನಿಗೆ ‘ನುಡಿದಂತೆ ನಡೆದವರು’.

ಪಕ್ಕದ ಪದಗಳಲ್ಲೂ ಇದೇ ತೊಡಕು. ‘ಪ್ರಾಕ್ಟಿಕಲ್’ ಪರೀಕ್ಷೆ ಪ್ರಾಯೋಗಿಕ ಪರೀಕ್ಷೆ. ಪ್ರಾಕ್ಟಿಕಲ್ ಮನುಷ್ಯ ವ್ಯವಹಾರ ಬಲ್ಲವನು. ಪ್ರಾಕ್ಟಿಕಲ್ ಚಪ್ಪಲಿ ನಡೆಯಲು ಅನುಕೂಲವಾದ ಚಪ್ಪಲಿ. ‘ಪ್ರಾಕ್ಟಿಕಬಲ್’ ಎಂದರೆ ಕಾರ್ಯಸಾಧ್ಯ. ‘ಪ್ರಾಕ್ಟಿಕಲಿ’ ಎಂಬುದಕ್ಕಂತೂ ಪ್ರಯೋಗದ ಸಂಬಂಧವೇ ಕಡಿದುಹೋಗಿದೆ. ‘ಪ್ರಾಕ್ಟಿಕಲಿ’ ಎಲ್ಲರೂ ಬಂದಿದ್ದರು ಎಂದರೆ ಹೆಚ್ಚುಕಡಿಮೆ ಎಲ್ಲರೂ ಬಂದಿದ್ದರು. ‘ಪ್ರಾಯೋಗಿಕವಾಗಿ ಎಲ್ಲರೂ ಬಂದಿದ್ದರು’ ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ

ಈ ದಾರಿಯಲ್ಲೂ ತಪ್ಪು ಇಷ್ಟೇ ಸುಲಭ. ‘ಪ್ರಾಕ್ಟೀಸ್ ಮಾಡು’ ಎಂದು ಹೇಳಿ ರೂಢಿಯಾದ ನಾಲಿಗೆ ಇಂಗ್ಲಿಷಿನಲ್ಲೂ ‘ಡು ಪ್ರಾಕ್ಟೀಸ್’ ಎನ್ನುತ್ತದೆ. ಇಂಗ್ಲಿಷಿನಲ್ಲಿ ಪದವೇ ಕ್ರಿಯಾಪದ, ‘ಡು’ ಬೇಡ. ಅದರ ಮುಂದೆ ಬರುವ ಕ್ರಿಯೆಗೆ ‘ಇಂಗ್’ ರೂಪ ಬೇಕು: ಪ್ರಾಕ್ಟೀಸ್ ಸ್ಪೀಕಿಂಗ್ ಸರಿ, ಪ್ರಾಕ್ಟೀಸ್ ಟು ಸ್ಪೀಕ್ ತಪ್ಪು. ‘ಮಾತಾಡಲು ಅಭ್ಯಾಸ ಮಾಡು’ ಎಂಬ ಕನ್ನಡದ ‘ಅಲು’ ರೂಪ ಆ ‘ಟು’ವನ್ನು ಎಳೆದು ತರುತ್ತದೆ. ಉಚ್ಚಾರದಲ್ಲಿ ನಾವು ‘ಟೀಸ್’ ಎಂದು ಎಳೆಯುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ಮೊದಲ ಉಚ್ಚಾರಾಂಶದ ಮೇಲೆ, ಕೊನೆಯದು ಹ್ರಸ್ವ, ‘ಪ್ರ್ಯಾಕ್ಟಿಸ್’ ಎಂಬಂತೆ. ಅಕ್ಷರದ ಗೊಂದಲಕ್ಕೆ ‘ಅಡ್ವೈಸ್’ ಜೋಡಿ ನೆರವಾಗುತ್ತದೆ, ಅದರಲ್ಲಿ ನಾಮಪದಕ್ಕೂ ಕ್ರಿಯಾಪದಕ್ಕೂ ಧ್ವನಿಯೇ ಬೇರೆಯಾಗಿರುವುದರಿಂದ ‘ಸಿ’ ಯಾವುದಕ್ಕೆ, ‘ಎಸ್’ ಯಾವುದಕ್ಕೆ ಎಂಬುದು ಕಿವಿಯಿಂದಲೇ ತಿಳಿಯುತ್ತದೆ.

“ನನಗೆ ಕಾಫಿ ಕುಡಿಯುವ ಅಭ್ಯಾಸ ಇದೆ” ಎಂಬಲ್ಲಿ ಬೇಕಾದ ಇಂಗ್ಲಿಷ್ ಪದ ‘ಹ್ಯಾಬಿಟ್’. “ಬಸ್ಸಿನಲ್ಲಿ ನಿಂತು ಹೋಗೋದು ನನಗೆ ಪ್ರಾಕ್ಟೀಸ್ ಆಗಿದೆ” ಎಂಬ ನಮ್ಮ ಮಾತಿನಲ್ಲಿ ಇಂಗ್ಲಿಷ್ ಪದವೇ ಇದ್ದರೂ ಇಂಗ್ಲಿಷಿಗೆ ತಿರುಗಿಸುವಾಗ ಅದು ಬರುವುದಿಲ್ಲ. ಅಲ್ಲಿ ‘ಐ ಆ್ಯಮ್ ಯೂಸ್ಡ್ ಟು ಇಟ್’ ಎನ್ನಬೇಕು.